ಘಟ್ಟದ ದಾರಿಗೂ ಕರಾವಳಿಯ ಹೆದ್ದಾರಿಗೂ: ಎಳೆಯ ಮಕ್ಕಳನ್ನು ಕಾರಿನಲ್ಲಿ ಕೂರಿಸುವ ಕ್ರಮ

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಹುಟ್ಟಿದ ಮಗುವಿನ ಮೊದಲ ಕಾರು ಪ್ರಯಾಣ ಸಾಮಾನ್ಯವಾಗಿ ಆಸ್ಪತ್ರೆಯಿಂದ ತಾಯಿಯ ತವರಿಗೆ. ದೊಡ್ಡ ಪ್ರಯಾಣವೆಂಬುದು ಬಾಣಂತನ ಮುಗಿದ ಮೇಲೆ ತವರಿನಿಂದ ಅಪ್ಪನ ಮನೆಗೆ. ತವರು ಕುಮಟಾದಲ್ಲಿದ್ದು ಗಂಡನ ಮನೆ ಶಿರಸಿಯ ಕಡೆಯದಾದರೆ, ಕೆಲವೇ ತಿಂಗಳ ಆ ಶಿಶು ದೇವಿಮನೆ ಘಟ್ಟವನ್ನು ಏರಬೇಕಾಗುತ್ತದೆ. ಹೊರಡುವ ದಿನ, ಘಳಿಗೆ, ತೊಟ್ಟಿಲು, ಬಟ್ಟೆಬರೆ ಎಲ್ಲವೂ ವಾರ ಮೊದಲೇ ನಿಶ್ಚಯವಾಗಿರುತ್ತವೆ. ಮಗು ಕಾರಿನಲ್ಲಿ ಎಲ್ಲಿ, ಹೇಗೆ ಕೂರಬೇಕೆಂಬುದು ಮಾತ್ರ ಬಾಗಿಲು ತೆರೆದ ಮೇಲೆ ನಿರ್ಧಾರವಾಗುತ್ತದೆ, ಮತ್ತು ಆ ನಿರ್ಧಾರ ಹೆಚ್ಚಾಗಿ ಯಾರದಾದರೂ ಮಡಿಲೇ ಆಗಿರುತ್ತದೆ. ಈ ಬರಹದ ಉದ್ದೇಶ ಆ ನಿರ್ಧಾರವನ್ನು ಹೆರಿಗೆಗಿಂತ ಮೊದಲೇ ಮಾಡಿಕೊಳ್ಳಲು ನೆರವಾಗುವುದು.

ಮಡಿಲು ಏಕೆ ಸಾಲದು ಎಂಬುದಕ್ಕೆ ಸಣ್ಣ ಲೆಕ್ಕವೊಂದು ಸಾಕು. ಗಂಟೆಗೆ 50 ಕಿ.ಮೀ. ವೇಗದಲ್ಲಿರುವ ಕಾರು ಎದುರಿನ ಲಾರಿಗೋ ಮರಕ್ಕೋ ಬಡಿದು ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ನಿಂತರೆ, ಒಳಗಿರುವ ಪ್ರತಿಯೊಬ್ಬರನ್ನೂ ಅವರ ತೂಕದ ಸುಮಾರು 14 ಪಟ್ಟು ಬಲದಿಂದ ಹಿಡಿದು ನಿಲ್ಲಿಸಬೇಕಾಗುತ್ತದೆ. 9 ಕಿಲೋ ತೂಕದ ಮಗುವಿನ ಮಟ್ಟಿಗೆ ಅದು 125 ಕಿಲೋ ಭಾರವನ್ನು, ಎಂದರೆ ಎರಡೂವರೆ ಮೂಟೆ ಅಕ್ಕಿಯನ್ನು, ಕಣ್ಣು ಮಿಟುಕಿಸುವಷ್ಟರಲ್ಲಿ ತಡೆದು ಹಿಡಿದಂತೆ. ಎಷ್ಟೇ ಗಟ್ಟಿಯಾಗಿ ಅಪ್ಪಿಕೊಂಡಿದ್ದರೂ ಅಷ್ಟನ್ನು ತಾಳುವ ತೋಳು ಯಾರಿಗೂ ಇಲ್ಲ. ಎತ್ತಿಕೊಂಡವರು ಬೆಲ್ಟ್ ಹಾಕಿರದಿದ್ದರೆ ಅವರ ಮೈಭಾರವೇ ಮಗುವನ್ನು ಮುಂದಿನ ಸೀಟಿಗೆ ಒತ್ತಿ ಜಜ್ಜುತ್ತದೆ. ತಾಯಿ ಮಗು ಇಬ್ಬರನ್ನೂ ಸೇರಿಸಿ ಒಂದೇ ಬೆಲ್ಟ್ ಬಿಗಿದುಕೊಳ್ಳುವ ಪದ್ಧತಿಯೂ ಕೆಲವರಲ್ಲಿದೆ. ಅದು ಇನ್ನೂ ಅಪಾಯಕಾರಿ, ಏಕೆಂದರೆ ಆಗ ದೊಡ್ಡವರ ದೇಹಕ್ಕೂ ಬೆಲ್ಟಿಗೂ ನಡುವೆ ಸಿಕ್ಕಿಕೊಳ್ಳುವುದು ಮಗುವಿನ ಮೆತ್ತನೆಯ ಹೊಟ್ಟೆ ಮತ್ತು ಎದೆ.

ಕಾನೂನೂ ಇದನ್ನೇ ಹೇಳುತ್ತದೆ. ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿಯಲ್ಲಿ ಸೇರಿದ 194-ಬಿ ಕಲಮಿನಂತೆ, 14 ವರ್ಷ ತುಂಬದ ಮಗುವನ್ನು ಸೀಟ್ ಬೆಲ್ಟಿನಿಂದಾಗಲೀ ಮಕ್ಕಳ ಆಸನದಿಂದಾಗಲೀ ಭದ್ರಪಡಿಸದೆ ವಾಹನ ಓಡಿಸಿದರೆ 1000 ರೂಪಾಯಿ ದಂಡವಿದೆ. ಆದರೆ ನಮ್ಮ ಊರುಗಳಲ್ಲಿ ದಂಡಕ್ಕಿಂತ ಹೆಚ್ಚಾಗಿ ಯೋಚಿಸಬೇಕಾದದ್ದು ದೂರದ ವಿಚಾರ. ಘಟ್ಟದ ಎಷ್ಟೋ ತಿರುವುಗಳಲ್ಲಿ ಫೋನಿಗೆ ಸಿಗ್ನಲ್ ಸಿಗುವುದಿಲ್ಲ. ಗಂಭೀರವಾಗಿ ಗಾಯಗೊಂಡವರನ್ನು ಮಣಿಪಾಲಕ್ಕೋ ಮಂಗಳೂರಿಗೋ ಹುಬ್ಬಳ್ಳಿಗೋ ಗೋವಾಕ್ಕೋ ಒಯ್ಯಬೇಕಾದ ಅನಿವಾರ್ಯತೆ ಈ ಜಿಲ್ಲೆಯವರಿಗೆ ಹೊಸದಲ್ಲ. ಚಿಕಿತ್ಸೆ ಇಷ್ಟು ದೂರವಿರುವಲ್ಲಿ, ಗಾಯವೇ ಆಗದಂತೆ ಅಥವಾ ಅದು ಸಣ್ಣದಾಗಿ ಮುಗಿಯುವಂತೆ ನೋಡಿಕೊಳ್ಳುವ ಸಾಧನಕ್ಕೆ ಬೆಲೆ ಹೆಚ್ಚು.

ಆಸನದ ಆಯ್ಕೆ

ಮಕ್ಕಳ ಆಸನವನ್ನು ವಯಸ್ಸಿಗಿಂತ ಮಗುವಿನ ತೂಕ ಮತ್ತು ಎತ್ತರವನ್ನು ನೋಡಿ ಕೊಳ್ಳಬೇಕು. ಮಾರುಕಟ್ಟೆಯಲ್ಲಿ ಸಿಗುವ ಆಸನಗಳ ಮೇಲೆ ಎರಡು ಬಗೆಯ ಯುರೋಪಿಯನ್ ಮಾನದಂಡಗಳ ಚೀಟಿ ಕಾಣುತ್ತದೆ. ಹಳೆಯದಾದ ಆರ್44 ತೂಕವನ್ನು ಆಧರಿಸಿದ್ದು: ಹುಟ್ಟಿನಿಂದ 13 ಕಿಲೋವರೆಗಿನ ಶಿಶು ಆಸನ, 9ರಿಂದ 18 ಕಿಲೋವರೆಗಿನದು, 15ರಿಂದ 36 ಕಿಲೋವರೆಗಿನ ಬೂಸ್ಟರ್, ಎಂದರೆ ಮಗುವನ್ನು ಎತ್ತರಿಸಿ ಕೂರಿಸುವ ಪೀಠ. ಹೊಸದಾದ ಆರ್129 ಎತ್ತರವನ್ನು ಆಧರಿಸಿದ್ದು, ಪಕ್ಕದಿಂದ ಬೀಳುವ ಹೊಡೆತದ ಪರೀಕ್ಷೆಯನ್ನೂ ಒಳಗೊಂಡಿದೆ; ಮಗುವಿಗೆ 15 ತಿಂಗಳು ತುಂಬುವವರೆಗೆ ಅದನ್ನು ಹಿಮ್ಮುಖವಾಗಿಯೇ ಕೂರಿಸಬೇಕೆಂದು ಅದು ವಿಧಿಸುತ್ತದೆ. ಇಂಥ ಯಾವ ಚೀಟಿಯೂ ಇಲ್ಲದ, ಬರೀ ಬಟ್ಟೆ ಮತ್ತು ಸ್ಪಂಜಿನ ಅಗ್ಗದ ‘ಕಾರ್ ಸೀಟ್’ಗಳು ಆನ್‌ಲೈನಿನಲ್ಲಿ ಹೇರಳವಾಗಿವೆ. ಅವನ್ನು ಕೊಳ್ಳದಿರುವುದೇ ಲೇಸು. ಮನೆಯೊಳಗೆ ಮಗುವನ್ನು ಮಲಗಿಸುವ ಕ್ಯಾರಿಕಾಟ್, ಬಿದಿರಿನ ಬುಟ್ಟಿ, ಬೆನ್ನಿಗೆ ಕಟ್ಟಿಕೊಳ್ಳುವ ಚೀಲ, ಇವು ಯಾವುವೂ ಕಾರಿನ ಆಸನಕ್ಕೆ ಬದಲಿಯಾಗುವುದಿಲ್ಲ.

ಅಣ್ಣನ ಮಗನದೋ ನೆರೆಮನೆಯವರದೋ ಹಳೆಯ ಆಸನ ಸಿಕ್ಕಿದರೆ ಪಡೆಯಬಹುದು, ಆದರೆ ಅದರ ಪೂರ್ವೋತ್ತರ ಪೂರ್ತಿಯಾಗಿ ಗೊತ್ತಿರಬೇಕು. ಒಮ್ಮೆ ಅಪಘಾತದಲ್ಲಿದ್ದ ಆಸನ, ಮೇಲ್ನೋಟಕ್ಕೆ ಚೆನ್ನಾಗಿಯೇ ಇದ್ದರೂ, ಒಳಗೆ ಸೀಳಿರಬಹುದು. ತಯಾರಕರು ನಮೂದಿಸಿದ ಅವಧಿ ಮುಗಿದದ್ದನ್ನೂ, ಕೈಪಿಡಿ ಕಳೆದುಹೋಗಿ ಜೋಡಿಸುವ ವಿಧಾನ ಯಾರಿಗೂ ತಿಳಿಯದದ್ದನ್ನೂ ಬಿಡಬೇಕು. ಬೆಲೆಯ ಬಗ್ಗೆ ಒಂದು ಮಾತು: ಹೊಸ ಕಾರಿಗೆ ಲೆದರಿನ ಸೀಟ್ ಕವರ್, ದೊಡ್ಡ ಸ್ಪೀಕರ್, ಅಲಾಯ್ ಚಕ್ರ ಇವುಗಳಿಗೆ ಹಿಂದೆಮುಂದೆ ನೋಡದೆ ಖರ್ಚು ಮಾಡುವ ಮನೆಗಳಲ್ಲಿಯೇ ಮಕ್ಕಳ ಆಸನ ದುಬಾರಿಯೆಂಬ ಮಾತು ಹೆಚ್ಚಾಗಿ ಕೇಳಿಬರುತ್ತದೆ.

ಹಿಮ್ಮುಖವಾಗಿ ಕೂರಿಸುವುದು

ಶಿಶುವಿನ ಬೆನ್ನು ಕಾರು ಸಾಗುವ ದಿಕ್ಕಿಗಿರುವಂತೆ, ಮುಖ ಕಾರಿನ ಹಿಂಭಾಗದ ಕಡೆಗಿರುವಂತೆ ಕೂರಿಸುವುದನ್ನು ಮೊದಲ ಬಾರಿ ಕಂಡ ಅಜ್ಜ ಅಜ್ಜಿಯರಿಗೆ ಅದು ಮಗುವಿಗೆ ಮಾಡುವ ಶಿಕ್ಷೆಯಂತೆ ಕಾಣುತ್ತದೆ. ಕಾರಣವನ್ನು ಅವರಿಗೆ ಬಿಡಿಸಿ ಹೇಳಬೇಕು. ನವಜಾತ ಶಿಶುವಿನ ತಲೆಯ ಉದ್ದವೇ ಮೈಯುದ್ದದ ಕಾಲು ಭಾಗ. ಆ ಭಾರದ ತಲೆಯನ್ನು ಹೊತ್ತ ಕುತ್ತಿಗೆಯ ಮೂಳೆಗಳು ಇನ್ನೂ ಪೂರ್ತಿ ಬಲಿತಿರುವುದಿಲ್ಲ, ಸ್ನಾಯುಗಳೂ ಎಳೆಯವು. ಮುಂದಕ್ಕೆ ಮುಖ ಮಾಡಿ ಕುಳಿತ ಶಿಶುವಿನ ಮೈಯನ್ನು ಪಟ್ಟಿ ಹಿಡಿದರೂ ತಲೆ ಮುಂದಕ್ಕೆ ಚಿಮ್ಮಿ, ಎಳೆತವೆಲ್ಲ ಕುತ್ತಿಗೆಯ ಮೇಲೆ ಬೀಳುತ್ತದೆ. ಹಿಮ್ಮುಖವಾಗಿ ಕುಳಿತಿದ್ದರೆ ಅದೇ ಬಲ ತಲೆ, ಬೆನ್ನು, ಸೊಂಟಗಳಿಗೆಲ್ಲ ಹಂಚಿಹೋಗಿ ಆಸನದ ಗಟ್ಟಿ ಚಿಪ್ಪು ಅದನ್ನು ತಾಳಿಕೊಳ್ಳುತ್ತದೆ. ಆದುದರಿಂದ 15 ತಿಂಗಳೆಂಬುದು ಕನಿಷ್ಠ ಮಿತಿ ಮಾತ್ರ. ಆಸನದ ತೂಕ ಮತ್ತು ಎತ್ತರದ ಮಿತಿ ಒಪ್ಪುವವರೆಗೂ, ಎರಡು ವರ್ಷವಾದ ಮೇಲೂ, ಹಿಮ್ಮುಖವಾಗಿಯೇ ಮುಂದುವರಿಸುವುದು ಒಳ್ಳೆಯದು. ಬೆಳೆದ ಮಗುವಿನ ಕಾಲು ಹಿಂದಿನ ಸೀಟಿಗೆ ತಾಗಿ ಮಡಚಿಕೊಂಡರೆ ಆತಂಕ ಪಡಬೇಕಾಗಿಲ್ಲ. ಮಕ್ಕಳು ಚಕ್ಕಳಮಕ್ಕಳ ಹಾಕಿ ನೆಮ್ಮದಿಯಾಗಿಯೇ ಕೂರುತ್ತಾರೆ.

ಹಿಮ್ಮುಖ ಆಸನವನ್ನು ಮುಂದಿನ ಸೀಟಿನಲ್ಲಿ, ಚಾಲೂ ಇರುವ ಏರ್‌ಬ್ಯಾಗಿನ ಎದುರು ಎಂದಿಗೂ ಇಡಬಾರದು. ಅತಿವೇಗವಾಗಿ ಉಬ್ಬುವ ಆ ಚೀಲ ನೇರವಾಗಿ ಆಸನದ ಬೆನ್ನಿಗೆ, ಎಂದರೆ ಮಗುವಿನ ತಲೆಯ ಹಿಂಬದಿಗೆ ಹೊಡೆಯುತ್ತದೆ. ಸಾಧಾರಣ ಅಪಘಾತದಲ್ಲಿಯೂ ಇದು ಪ್ರಾಣಾಂತಿಕವಾಗಬಹುದು. ಸನ್‌ವೈಸರಿನ ಮೇಲೆ ಅಂಟಿಸಿರುವ ಎಚ್ಚರಿಕೆಯ ಚಿತ್ರ ಇದನ್ನೇ ಹೇಳುತ್ತದೆ. ಮಕ್ಕಳ ಜಾಗ ಹಿಂದಿನ ಸೀಟು. ನಮ್ಮಲ್ಲಿ ವಾಹನಗಳು ಎಡಬದಿಯಲ್ಲಿ ಸಾಗುವುದರಿಂದ ಎಡಗಡೆಯ ಹಿಂದಿನ ಬಾಗಿಲು ರಸ್ತೆಯಂಚಿಗೆ ತೆರೆಯುತ್ತದೆ, ಮಗುವನ್ನು ಹತ್ತಿಸಿ ಇಳಿಸುವಾಗ ಬಸ್ಸು ಲಾರಿಗಳಿಗೆ ಬೆನ್ನು ಕೊಟ್ಟು ನಿಲ್ಲುವ ಪ್ರಮೇಯ ಬರುವುದಿಲ್ಲ.

ಜೋಡಿಸುವ ವಿಧಾನ

ಒಳ್ಳೆಯ ಆಸನವನ್ನು ಕೊಂಡು ಸಡಿಲವಾಗಿ ಇಟ್ಟರೆ ಹಣವೂ ದಂಡ, ರಕ್ಷಣೆಯೂ ಇಲ್ಲ. ಹೆರಿಗೆಯ ತಾರೀಖಿಗೆ ಕೆಲವು ವಾರ ಮುಂಚೆಯೇ, ಮಗುವಿನ ಅಪ್ಪನೋ ಸೋದರಮಾವನೋ, ಯಾರು ಕಾರು ತರುವವರೋ ಅವರು, ಕಾರಿನ ಕೈಪಿಡಿ ಮತ್ತು ಆಸನದ ಕೈಪಿಡಿ ಎರಡನ್ನೂ ಪಕ್ಕದಲ್ಲಿಟ್ಟುಕೊಂಡು ಜೋಡಿಸಿ, ಬಿಚ್ಚಿ, ಮತ್ತೆ ಜೋಡಿಸಿ ಕೈ ಪಳಗಿಸಿಕೊಳ್ಳಬೇಕು.

ಕಾರಿನಲ್ಲಿ ಐಸೋಫಿಕ್ಸ್ ಕೊಂಡಿಗಳಿದ್ದರೆ ಕೆಲಸ ಸುಲಭ. ಹಿಂದಿನ ಸೀಟಿನ ಬೆನ್ನು ಮತ್ತು ಕೂರುವ ಭಾಗ ಸೇರುವ ಸಂದಿಯಲ್ಲಿ ಎರಡು ಲೋಹದ ಕೊಂಡಿಗಳಿರುತ್ತವೆ. ಆಸನದ ಎರಡು ಕೈಗಳನ್ನು ಅವುಗಳಿಗೆ ಒತ್ತಿದಾಗ ಕ್ಲಿಕ್ ಎಂಬ ಸದ್ದಾಗಿ ಹಸಿರು ಗುರುತು ಮೂಡಬೇಕು. ಇಲ್ಲಿ ತೊಡಕಾಗುವುದು ಪೇಟೆಯಲ್ಲಿ ಹೊಲಿಸಿ ಹಾಕಿಸಿದ ದಪ್ಪ ಸೀಟ್ ಕವರ್. ಅದು ಕೊಂಡಿಗಳನ್ನು ಮುಚ್ಚಿಬಿಟ್ಟಿರುತ್ತದೆ, ಮೇಲಿಂದ ಜಾರುವ ಗುಣವನ್ನೂ ಸೇರಿಸುತ್ತದೆ. ಕವರನ್ನು ಆ ಜಾಗದಲ್ಲಿ ಬಿಚ್ಚಿಸಬೇಕು, ಸಾಧ್ಯವಾದರೆ ಪೂರ್ತಿಯಾಗಿ ತೆಗೆಸಬೇಕು. ಕೊಂಡಿಗಳ ಜೊತೆಗೆ ಮೂರನೆಯ ಆಧಾರವೊಂದು ಇದ್ದೇ ಇರುತ್ತದೆ: ಒಂದೋ ನೆಲಕ್ಕೆ ಊರುವ ಕಾಲು, ಇಲ್ಲವೇ ಆಸನದ ತಲೆಭಾಗದಿಂದ ಹಿಂದಕ್ಕೆ ಹೋಗುವ ಟೆದರ್ ಪಟ್ಟಿ. ಊರುವ ಕಾಲು ಗಟ್ಟಿ ನೆಲದ ಮೇಲೆ ನಿಲ್ಲಬೇಕು. ನೆಲದಡಿ ಸಾಮಾನಿಡುವ ಪೆಟ್ಟಿಗೆಯಿರುವ ಕಾರುಗಳಲ್ಲಿ ಅದರ ಮುಚ್ಚಳದ ಮೇಲೆ ನಿಲ್ಲಿಸಬಾರದು. ಟೆದರ್ ಪಟ್ಟಿಯನ್ನು ಅದಕ್ಕೆಂದೇ ಇರುವ ಕೊಕ್ಕೆಗೆ ಸಿಕ್ಕಿಸಬೇಕೇ ಹೊರತು ಡಿಕ್ಕಿಯಲ್ಲಿ ಚೀಲ ನೇತುಹಾಕುವ ಕೊಕ್ಕೆಗಲ್ಲ.

ಹಳೆಯ ಕಾರುಗಳಲ್ಲಿ ಸೀಟ್ ಬೆಲ್ಟಿನಿಂದಲೇ ಆಸನವನ್ನು ಕಟ್ಟಬೇಕಾಗುತ್ತದೆ. ಆಸನದ ಬದಿಯಲ್ಲಿ ಬೆಲ್ಟ್ ಹಾಯುವ ದಾರಿಗೆ ಬಣ್ಣದ ಗುರುತುಗಳಿರುತ್ತವೆ. ಸಾಮಾನ್ಯವಾಗಿ ನೀಲಿ ಹಿಮ್ಮುಖಕ್ಕೆ, ಕೆಂಪು ಮುಮ್ಮುಖಕ್ಕೆ. ಬೆಲ್ಟ್ ಎಲ್ಲಿಯೂ ತಿರುಚಿರಬಾರದು. ಮಂಡಿಯನ್ನೂರಿ ಆಸನವನ್ನು ಕೆಳಕ್ಕೊತ್ತಿ ಹಿಡಿದು ಬೆಲ್ಟನ್ನು ಎಳೆದು ಬಿಗಿಮಾಡಿ, ಅನಂತರ ಬೆಲ್ಟ್ ಹಾಯುವ ಜಾಗದಲ್ಲಿ ಎರಡೂ ಕೈಗಳಿಂದ ಆಸನವನ್ನು ಅಲುಗಿಸಿ ನೋಡಬೇಕು: ಎರಡೂವರೆ ಸೆಂಟಿಮೀಟರಿಗಿಂತ ಹೆಚ್ಚು ಸರಿದರೆ ಮತ್ತೆ ಮೊದಲಿನಿಂದ ಕಟ್ಟಬೇಕು. ನವಜಾತ ಶಿಶುವಿನ ಆಸನ ಸುಮಾರು 45 ಡಿಗ್ರಿ ಹಿಂದಕ್ಕೆ ಒರಗಿರಬೇಕು. ತೀರ ನೆಟ್ಟಗಿದ್ದರೆ ಮಗುವಿನ ಗಲ್ಲ ಎದೆಗೆ ಬಾಗಿ ಉಸಿರಿನ ದಾರಿ ಕಿರಿದಾಗುತ್ತದೆ. ಅವಧಿಗೆ ಮುನ್ನ ಹುಟ್ಟಿದ, ತೂಕ ಕಡಿಮೆಯಿರುವ ಮಕ್ಕಳ ವಿಷಯದಲ್ಲಿ ಈ ಅಪಾಯ ಹೆಚ್ಚಾದುದರಿಂದ ಆಸ್ಪತ್ರೆಯಿಂದ ಬಿಡುಗಡೆಯಾಗುವ ಮೊದಲೇ ಮಕ್ಕಳ ವೈದ್ಯರನ್ನು ಕೇಳಿಕೊಳ್ಳಬೇಕು.

ಮಗುವನ್ನು ಕೂರಿಸಿದಾಗ ಹೆಗಲ ಪಟ್ಟಿಗಳು, ಹಿಮ್ಮುಖ ಆಸನದಲ್ಲಾದರೆ ಹೆಗಲ ಮಟ್ಟದಲ್ಲಿ ಅಥವಾ ಸ್ವಲ್ಪ ಕೆಳಗಿನಿಂದ, ಮುಮ್ಮುಖದಲ್ಲಾದರೆ ಹೆಗಲ ಮಟ್ಟದಲ್ಲಿ ಅಥವಾ ಸ್ವಲ್ಪ ಮೇಲಿನಿಂದ ಹೊರಡಬೇಕು. ಬಿಗಿದ ಮೇಲೆ ಹೆಗಲ ಬಳಿ ಪಟ್ಟಿಯನ್ನು ಎರಡು ಬೆರಳಿನಿಂದ ಚಿವುಟಿ ನೋಡಿ, ಮಡಿಕೆ ಸಿಕ್ಕಿದರೆ ಅದು ಇನ್ನೂ ಸಡಿಲ. ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಮಾಗಿಯ ಬೆಳಗಿನಲ್ಲಿ ಮಗುವಿಗೆ ದಪ್ಪ ಸ್ವೆಟರ್ ತೊಡಿಸಿ, ಕಂಬಳಿಯಲ್ಲಿ ಸುತ್ತಿ, ಅದರ ಮೇಲೆ ಪಟ್ಟಿ ಬಿಗಿಯುವವರಿದ್ದಾರೆ. ಹೊಡೆತ ಬಿದ್ದಾಗ ಉಣ್ಣೆ ಕುಗ್ಗಿ ಮಗು ಪಟ್ಟಿಯಿಂದ ಜಾರುತ್ತದೆ. ತೆಳುವಾದ ಅಂಗಿಯ ಮೇಲೆ ಪಟ್ಟಿ ಬಿಗಿದು, ಹೊದಿಕೆಯನ್ನು ಪಟ್ಟಿಯ ಮೇಲೆ ಹೊದಿಸಬೇಕು. ಕೊರಳಿನ ಸರ, ಉದ್ದನೆಯ ದಾರ, ರಿಬ್ಬನ್ನುಗಳನ್ನು ಹೊರಡುವ ಮೊದಲು ತೆಗೆದಿಡಬೇಕು.

ಮುಮ್ಮುಖ ಆಸನವನ್ನೂ ಮೀರಿ ಬೆಳೆದ ಮಗುವಿಗೆ ಬೂಸ್ಟರ್ ಬೇಕು. ಕಾರಿನ ಬೆಲ್ಟನ್ನು ಮಗುವಿನ ಹೆಗಲ ನಡುವಿಗೂ ತೊಡೆಯ ಮೇಲ್ಭಾಗಕ್ಕೂ ತರುವುದು ಅದರ ಕೆಲಸ. ಬೆಲ್ಟ್ ಕುತ್ತಿಗೆಗೆ ಉಜ್ಜಿದರೆ ಮಗು ಅದನ್ನು ಕಂಕುಳ ಕೆಳಗೆ ಸರಿಸಿಕೊಳ್ಳುತ್ತದೆ, ಅಲ್ಲಿಗೆ ಬೆಲ್ಟಿನ ಅರ್ಥ ಮುಗಿಯಿತು. ಎತ್ತರ 145 ಸೆಂ.ಮೀ. ಸಮೀಪಿಸಿ, ಬೆನ್ನು ಸೀಟಿಗೆ ತಾಗಿಸಿ ಕುಳಿತಾಗ ಮಂಡಿ ಸೀಟಿನಂಚಿನಲ್ಲಿ ಸರಿಯಾಗಿ ಮಡಚುವವರೆಗೂ ಬೂಸ್ಟರನ್ನು ಬಿಡಿಸಬಾರದು.

ಘಟ್ಟ, ಮಳೆ, ನಿಲುಗಡೆ

ಅರಬೈಲ್, ದೇವಿಮನೆ, ಅಣಶಿ, ಗೇರುಸೊಪ್ಪ, ಯಾವ ಘಟ್ಟವಾದರೂ ಮಕ್ಕಳಿಗೆ ವಾಂತಿಯ ಕಾಟ ಸಾಮಾನ್ಯ. ಎರಡು ವರ್ಷದೊಳಗಿನ ಶಿಶುಗಳಿಗೆ ಇದು ಅಪರೂಪ. ಎರಡರಿಂದ ಹನ್ನೆರಡರ ನಡುವೆ ಹೆಚ್ಚು. ವಾಂತಿಯಾಗುತ್ತದೆಂದು ಪಟ್ಟಿ ಬಿಚ್ಚಿ ಮಗುವನ್ನು ಕಿಟಕಿಯಿಂದ ಹೊರಕ್ಕೆ ಬಾಗಿಸುವುದು ನಮ್ಮ ರಸ್ತೆಗಳಲ್ಲಿ ದಿನವೂ ಕಾಣುವ ದೃಶ್ಯ, ಅದೂ ತಿರುವಿನಲ್ಲಿ, ಎದುರಿನಿಂದ ಟ್ಯಾಂಕರ್ ಬರುತ್ತಿರುವಾಗ. ಇದಕ್ಕಿಂತ ಹೊರಡುವ ಮುನ್ನ ಹೊಟ್ಟೆ ಬಿರಿಯುವಷ್ಟು ಉಣಿಸದೆ ಲಘುವಾಗಿ ತಿನ್ನಿಸುವುದು, ಮೊಬೈಲ್ ಕೈಗೆ ಕೊಡದಿರುವುದು, ದೂರದ ಗುಡ್ಡ ನೋಡುವಂತೆ ಮಾತಾಡಿಸುವುದು, ಗಾಳಿಯಾಡಲು ಕಿಟಕಿಯನ್ನು ಸ್ವಲ್ಪವೇ ಇಳಿಸುವುದು, ಎಲ್ಲಕ್ಕಿಂತ ಮಿಗಿಲಾಗಿ ಚಾಲಕರು ತಿರುವುಗಳಲ್ಲಿ ವೇಗ ತಗ್ಗಿಸುವುದು ಉಪಯುಕ್ತ. ವಾಂತಿಗೆಂದು ಒಯ್ದ ಪ್ಲಾಸ್ಟಿಕ್ ಚೀಲ ದೊಡ್ಡವರ ಕೈಯಲ್ಲಿರಲಿ. ಶೇಂಗಾ, ಚಕ್ಕುಲಿ, ದ್ರಾಕ್ಷಿ, ಹಲಸಿನ ಚಿಪ್ಸ್‌ಗಳನ್ನು ಓಡುವ ಕಾರಿನಲ್ಲಿ ಎಳೆಯ ಮಕ್ಕಳಿಗೆ ಕೊಡಬಾರದು, ಗಂಟಲಿಗೆ ಸಿಕ್ಕಿದರೆ ಘಟ್ಟದ ನಡುವೆ ನಿಲ್ಲಿಸಲೂ ಜಾಗವಿರುವುದಿಲ್ಲ.

ಎದೆಹಾಲು ಕುಡಿಸಲು ಮಗುವನ್ನು ಆಸನದಿಂದ ಎತ್ತಬೇಕಾದರೆ ಕಾರು ನಿಂತಿರಬೇಕು, ಇದಕ್ಕೆ ವಿನಾಯಿತಿಯಿಲ್ಲ. ಹುಟ್ಟಿದ ಮೊದಲ ವಾರಗಳಲ್ಲಿ ಒಂದೇ ಸಮನೆ ಅರ್ಧ ಗಂಟೆಗಿಂತ ಹೆಚ್ಚು, ಆಮೇಲೆಯೂ ಎರಡು ಗಂಟೆಗಿಂತ ಹೆಚ್ಚು ಹೊತ್ತು ಶಿಶುವನ್ನು ಆಸನದಲ್ಲಿರಿಸಬಾರದೆಂಬ ಸಲಹೆಯಿದೆ. ಹಾಗಾಗಿ ಕಾರವಾರದಿಂದ ಮಂಗಳೂರಿಗೆ ಹೊರಟವರು ನಿಲುಗಡೆಗಳನ್ನು ಮೊದಲೇ ಗೊತ್ತುಮಾಡಿಕೊಳ್ಳಬೇಕು. ನಿಲ್ಲಿಸುವ ಜಾಗದ ಬಗ್ಗೆ ಮಳೆಗಾಲದಲ್ಲಿ ವಿಶೇಷ ಎಚ್ಚರ ಅಗತ್ಯ. 2024ರ ಜುಲೈ 16ರಂದು ಅಂಕೋಲಾ ಬಳಿಯ ಶಿರೂರಿನಲ್ಲಿ ಗುಡ್ಡ ಕುಸಿದದ್ದು ರಾಷ್ಟ್ರೀಯ ಹೆದ್ದಾರಿ 66ರ ಬದಿಯಲ್ಲಿಯೇ. ಕಡಿದ ಗುಡ್ಡದ ಬುಡದಲ್ಲಿ, ಅಲ್ಲಿ ಎಷ್ಟೇ ಅಗಲವಾದ ಜಾಗವಿದ್ದರೂ, ಹಾಲು ಕುಡಿಸಲೆಂದು ನಿಲ್ಲಬಾರದು. ಪೇಟೆಯ ಪೆಟ್ರೋಲ್ ಬಂಕ್, ಹೋಟೆಲಿನ ಅಂಗಳ, ಬಸ್ ನಿಲ್ದಾಣದ ಹತ್ತಿರ ಸೂಕ್ತ. ಭಾರೀ ಮಳೆಯ ಎಚ್ಚರಿಕೆಯಿರುವ ದಿನ ಶಿಶುವಿನೊಂದಿಗೆ ಘಟ್ಟ ಇಳಿಯುವ ಕಾರ್ಯಕ್ರಮವನ್ನೇ ಮುಂದಕ್ಕೆ ಹಾಕುವುದು ಜಾಣತನ.

ಊರಿಂದ ಮರಳುವಾಗ ತುಂಬಿಕೊಂಡ ತೆಂಗಿನಕಾಯಿ, ಹಲಸಿನ ಹಣ್ಣು, ಉಪ್ಪಿನಕಾಯಿಯ ಭರಣಿಗಳ ಜಾಗ ಡಿಕ್ಕಿ. ಹಿಂದಿನ ಗಾಜಿನ ಬಳಿಯ ಹಲಗೆಯ ಮೇಲಿಟ್ಟ ಒಂದೇ ಒಂದು ಕಾಯಿ ಸಾಕು, ಕಾರು ಬಡಿದು ನಿಂತಾಗ ಅದು ಮಗುವಿನ ತಲೆಯ ಕಡೆಗೇ ಹಾರುತ್ತದೆ.

ನಿಂತ ಕಾರು, ಮನೆಯ ಅಂಗಳ

ಕಾರು ಓಡದಿದ್ದಾಗಲೂ ಅಪಾಯಗಳಿವೆ. ಬಿಸಿಲಿಗೆ ನಿಂತ, ಕಿಟಕಿ ಮುಚ್ಚಿದ ಕಾರಿನೊಳಗಿನ ಉಷ್ಣತೆ ಹತ್ತೇ ನಿಮಿಷದಲ್ಲಿ ಸುಮಾರು 10 ಡಿಗ್ರಿ ಏರಬಲ್ಲದು, ಕಿಟಕಿಯನ್ನು ಎರಡು ಬೆರಳಷ್ಟು ಇಳಿಸಿಟ್ಟರೂ ಹೆಚ್ಚಿನ ವ್ಯತ್ಯಾಸವಾಗದು. ಎಳೆಯ ಮಗುವಿನ ಮೈ ದೊಡ್ಡವರ ಮೈಗಿಂತ ಮೂರರಿಂದ ಐದು ಪಟ್ಟು ಬೇಗ ಕಾಯುತ್ತದೆ. ಗೋಕರ್ಣದಲ್ಲೋ ಮುರ್ಡೇಶ್ವರದಲ್ಲೋ ಏಪ್ರಿಲ್ ತಿಂಗಳ ಬಿಸಿಲಿನಲ್ಲಿ, ನಿದ್ದೆ ಹೋದ ಮಗುವನ್ನು ಎಬ್ಬಿಸುವುದೇಕೆಂದು ಕಾರಿನಲ್ಲಿ ಬಿಟ್ಟು ದರ್ಶನಕ್ಕೆ ಹೋಗುವುದು ಐದು ನಿಮಿಷಕ್ಕೂ ಸಲ್ಲದು. ಬಿಸಿಲಿನಲ್ಲಿದ್ದ ಕಾರಿಗೆ ಮಗುವನ್ನು ಮರಳಿ ಕೂರಿಸುವ ಮುನ್ನ ಬಕಲನ್ನು ಕೈಯಿಂದ ಮುಟ್ಟಿ ನೋಡಬೇಕು. ಕಾರು ಬಿಟ್ಟು ಹೋಗುವಾಗ ಆಸನದ ಮೇಲೆ ಬಿಳಿಯ ಪಂಚೆ ಮುಚ್ಚಿದ್ದರೆ ಅದು ಅಷ್ಟು ಕಾಯುವುದಿಲ್ಲ.

ಅಡಿಕೆ ಒಣಗಿಸುವ ದಿನಗಳಲ್ಲಿ ಮನೆಯವರೆಲ್ಲ ಅಂಗಳದಲ್ಲಿಯೇ ಇರುತ್ತಾರೆ, ಮಕ್ಕಳು ಅಡಿಕೆಯ ನಡುವೆ ಕುಕ್ಕರಗಾಲಿನಲ್ಲಿ ಕುಳಿತು ಆಡುತ್ತಿರುತ್ತಾರೆ. ಹಾಗೆ ಕುಳಿತ ಮಗು ಹಿಂದಕ್ಕೆ ಬರುವ ಕಾರಿನ ಯಾವ ಕನ್ನಡಿಗೂ ಕಾಣುವುದಿಲ್ಲ, ಹಿಂಬದಿಯ ಕ್ಯಾಮೆರಾಕ್ಕೆ ಕೆಸರು ಮೆತ್ತಿದ್ದರೆ ಅದಕ್ಕೂ ಕಾಣುವುದಿಲ್ಲ. ಕಾರು ಚಾಲೂ ಮಾಡುವ ಮುನ್ನ ಒಬ್ಬರು ಮಗುವನ್ನು ಎತ್ತಿಕೊಂಡು ಚಾಲಕರ ಕಣ್ಣೆದುರು ನಿಲ್ಲುವ ರೂಢಿಯನ್ನು ಮನೆಯಲ್ಲಿ ಬೆಳೆಸಬೇಕು. ಅಂಗಳದಲ್ಲಿ ನಿಂತ ಕಾರಿಗೆ ಬೀಗ ಹಾಕಿರಲಿ, ಕೀಲಿ ಮಕ್ಕಳ ಕೈಗೆ ಸಿಗದಿರಲಿ. ಕೀಲಿಯ ರಿಮೋಟಿನೊಳಗಿನ ಬಿಲ್ಲೆಯಂಥ ಸೆಲ್ಲನ್ನು ಮಗು ನುಂಗಿದರೆ ಎರಡು ಗಂಟೆಯೊಳಗೇ ಅನ್ನನಾಳ ಸುಡಬಹುದು. ಅನುಮಾನ ಬಂದ ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಬಾಡಿಗೆ ವಾಹನ, ಮದುವೆಯ ದಿಬ್ಬಣ

ಬಾಡಿಗೆ ಕಾರಿನಲ್ಲಿ ಮಕ್ಕಳ ಆಸನ ಇರುವುದಿಲ್ಲವೆಂದೇ ತಿಳಿದು ನಿಮ್ಮದನ್ನು ಒಯ್ಯಬೇಕು, ಹಿಂದಿನ ಬೆಲ್ಟುಗಳು ಕೆಲಸ ಮಾಡುತ್ತವೆಯೇ ಎಂದು ಗೊತ್ತುಮಾಡುವಾಗಲೇ ಕೇಳಬೇಕು. ಎದುರುಬದುರಾಗಿ ಅಡ್ಡ ಬೆಂಚುಗಳಿರುವ ಜೀಪಿನ ಹಿಂಭಾಗದಲ್ಲಿ ಮಕ್ಕಳ ಆಸನ ಕೂರುವುದಿಲ್ಲ. ಮೂರು ವರ್ಷ ದಾಟಿದ ಮಗುವಿಗೆ ಬೂಸ್ಟರ್ ಇಲ್ಲದಿದ್ದರೆ, ಮಡಿಲಿಗಿಂತ ಹಿಂದಿನ ಸೀಟಿನ ಬೆಲ್ಟ್ ವಾಸಿ. ಶಿಶುವಿಗೆ ಮಾತ್ರ ಅಂಥ ಎರಡನೆಯ ದಾರಿಯಿಲ್ಲ; ಆಸನವಿಲ್ಲದಿದ್ದರೆ ಕರಾವಳಿಯುದ್ದಕ್ಕೆ ಕೊಂಕಣ ರೈಲು, ಘಟ್ಟದ ಮೇಲಕ್ಕೆ ಬಸ್ಸು ನನ್ನ ಮಟ್ಟಿಗೆ ಉತ್ತಮ ಆಯ್ಕೆ. ದಿಬ್ಬಣದ ಒಂದೇ ಓಮ್ನಿಯಲ್ಲಿ ಹತ್ತು ಮಕ್ಕಳನ್ನು ತುಂಬುವ ಉತ್ಸಾಹಕ್ಕೆ ಹಿರಿಯರೇ ಅಡ್ಡ ಬರಬೇಕು.

ಆಸನದ ಆರೈಕೆ

ಕಾರವಾರದ ಕಡಲತೀರದಿಂದ ಮರಳಿದ ಮಕ್ಕಳ ಮೈಯ ಮರಳು ಬಕಲಿನೊಳಗೂ ಪಟ್ಟಿ ಬಿಗಿಯುವ ಗುಂಡಿಯೊಳಗೂ ಇಳಿಯುತ್ತದೆ. ಕ್ಲಿಕ್ ಸದ್ದು ಕೇಳದ ಬಕಲನ್ನು ಕೈಪಿಡಿಯಲ್ಲಿ ಹೇಳಿದಂತೆ ಶುಚಿಗೊಳಿಸದೆ ಬಳಸಬಾರದು. ಮಳೆಗಾಲದಲ್ಲಿ ಬಟ್ಟೆಗೆ ಬೂಸಲು ಹಿಡಿದರೆ ಹೊದಿಕೆಯನ್ನು ತೆಗೆದು ತೊಳೆಯಬಹುದು. ಪಟ್ಟಿಗಳನ್ನು ಮಾತ್ರ ಒದ್ದೆ ಬಟ್ಟೆಯಿಂದ ಒರೆಸಿ ನೆರಳಿನಲ್ಲಿ ಆರಿಸಬೇಕು, ಬ್ಲೀಚು ಮತ್ತು ಇಸ್ತ್ರಿ ನೂಲಿನ ಬಲವನ್ನು ಕುಂದಿಸುತ್ತವೆ. ಮಗುವಿನ ಹೆಸರು, ರಕ್ತದ ಗುಂಪು, ಮನೆಯವರ ಇಬ್ಬರ ಫೋನ್ ಸಂಖ್ಯೆಗಳನ್ನು ಬರೆದ ಚೀಟಿಯನ್ನು ಆಸನದ ಬದಿಗೆ ಅಂಟಿಸಿರಬೇಕು. ದೊಡ್ಡವರು ಮಾತಾಡುವ ಸ್ಥಿತಿಯಲ್ಲಿಲ್ಲದಾಗ ಅದು ನೆರವಾಗುತ್ತದೆ.

ಅಪಘಾತವಾದರೆ 112 ಅಥವಾ 108ಕ್ಕೆ, ರಾಷ್ಟ್ರೀಯ ಹೆದ್ದಾರಿಯಲ್ಲಾದರೆ 1033ಕ್ಕೂ ಕರೆ ಮಾಡಬಹುದು. ಮಗು ಉಸಿರಾಡುತ್ತಿದ್ದು, ಬೆಂಕಿಯ ಅಥವಾ ಗುಡ್ಡ ಜಾರುವ ಭಯವಿಲ್ಲದಿದ್ದರೆ, ಅವಸರದಿಂದ ಎಳೆದೆತ್ತದೆ, ತಲೆ ಕುತ್ತಿಗೆ ಅಲುಗದಂತೆ ಹಿಡಿದು ಆಸನದಲ್ಲಿಯೇ ಇರಿಸಿಕೊಂಡು ಆಂಬುಲೆನ್ಸಿಗೆ ಕಾಯುವುದು ಸರಿ. ಆಮೇಲೆ ಆ ಆಸನವನ್ನು ಮತ್ತೆ ಬಳಸಬಾರದು, ಯಾರಿಗೂ ಕೊಡಲೂ ಬಾರದು. ಪಟ್ಟಿಗಳನ್ನು ಕತ್ತರಿಸಿಯೇ ಅದನ್ನು ಗುಜರಿಗೆ ಹಾಕಬೇಕು, ಇಲ್ಲವಾದರೆ ಅದು ಅಲ್ಲಿಂದ ಇನ್ನೊಂದು ಮನೆಯ ಕಾರಿಗೆ ಸೇರುತ್ತದೆ.